ಸಾಹೇಬರ ಗಂಟಲಿಗೆ ಮಂಜೂರಾದ ನಲ್ಲಿ

ಹಾನುಬಾಳು ಬಸ್ ಸ್ಟಾಪಿನ ಎದುರಿಗಿರುವ ಮೀನಾಕ್ಷಮ್ಮನ ಹೋಟೆಲಿನ ನಲ್ಲಿಯನ್ನು ಜೀವಶಾಸ್ತ್ರದ ಆಧಾರದ ಮೇಲೆ ಬಂದ್ ಮಾಡಲಾಯಿತು. ಜಲ ಮಿತವ್ಯಯ ನಿಗಮದ ಪ್ರಾಯೋಗಿಕ ಯೋಜನೆಗೆ ಆ ಹೋಟೆಲು ಆಯ್ಕೆಯಾಗಿತ್ತು. ಆದೇಶದಲ್ಲಿ ಕಾರಣಗಳನ್ನೂ ಧಾರಾಳವಾಗಿ ಕೊಟ್ಟಿದ್ದರು. ಕಾಫಿ ಎಲೆ ಮೈಗೆಲ್ಲ ಮೇಣ ಸವರಿಕೊಂಡು, ಬಿಸಿಲೇರಿದಾಗ ತನ್ನ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡು ನೀರುಳಿಸುತ್ತದೆ. ಮಿಡತೆ ತನ್ನ ಹಿಕ್ಕೆಯ ತೇವವನ್ನೂ ಬಿಡದೆ ಒಳಗೇ ಹೀರಿಕೊಂಡು ಒಣಪುಡಿ ಹೊರಹಾಕುತ್ತದೆ. ಅಕ್ಕಿ ಹುಳವಂತೂ ಒಂದು ಹನಿ ಕುಡಿಯದೆ, ತಿಂದ ಅಕ್ಕಿಯಿಂದಲೇ ನೀರು ಮಾಡಿಕೊಳ್ಳುತ್ತದೆ. ನಯಾಪೈಸೆ ಅನುದಾನವಿಲ್ಲದೆ ಹುಳಹುಪ್ಪಟೆ ಇಷ್ಟು ಮಾಡುವಾಗ, ಮತದಾನದ ಹಕ್ಕಿರುವ ನಾಗರಿಕರು ನಲ್ಲಿ ಕೇಳುವುದು ಶೋಭೆಯಲ್ಲ.

ಮೀನಾಕ್ಷಮ್ಮನಿಗೆ ಹೊಟ್ಟೆ ಉರಿದುಹೋಯಿತು. ಗಂಡ ಹೋದ ಮೇಲೆ ಅವಳ ಕೈ ಹಿಡಿದದ್ದೇ ಆ ಹೋಟೆಲು. ನೀರಿಲ್ಲದೆ ಬಾಗಿಲು ಹಾಕಬೇಕಾಗುತ್ತದಲ್ಲ ಎಂದು ಭಯವೂ ಆಯಿತು. ಆದರೂ ತೋರಿಸಿಕೊಳ್ಳದೆ, ಯೋಜನೆಯ ಪ್ರಗತಿ ನೋಡಲು ಬಂದ ನಿರೀಕ್ಷಕ ನಟರಾಜ್ ಅವರನ್ನು ಉಪಚರಿಸಿ ಕೂರಿಸಿದಳು. ಪಾಪ, ಹಸಿದಿದ್ದರು, ಊಟ ಕೇಳಿದರು. ಎಲೆ ಹಾಕಿ, ಬೇಯಿಸದ ಅಕ್ಕಿ ಬಡಿಸಿ, ಮೇಲೆ ಸಾರಿನ ಪುಡಿ ಉದುರಿಸಿದಳು.

"ಏನಮ್ಮಾ ಇದು?"

"ಊಟ ಕಣ್ ಸಾ. ಅಕ್ಕಿ ಹುಳ ತಿನ್ನೋದು ಇದ್ನೇ. ನೀರು ಒಳಗೇ ಆಯ್ತದೆ ಅಂತ ನಿಮ್ಮೋರೇ ಬರ್ದವ್ರೆ."

ನಟರಾಜ್ ಶಿಸ್ತಿನ ಮನುಷ್ಯ. ತಮ್ಮದೇ ನಿಗಮದ ಆದೇಶವನ್ನು ನಾಲ್ಕು ಜನರೆದುರು ಅಲ್ಲಗಳೆಯುವಂತಿರಲಿಲ್ಲ. ಕಟಕಟ ಅಗಿದರು. ಸಾರಿನ ಪುಡಿ ನೆತ್ತಿಗೇರಿತು.

"ನೀರು," ಎಂದರು.

"ಮಧ್ಯಾಹ್ನ ಆಗೈತೆ ಸಾ. ಎಲೆನೂ ಈಗ ಬಾಯಿ ಮುಚ್ಕಂಡಿರ್ತದೆ," ಎಂದಳು ಮೀನಾಕ್ಷಮ್ಮ. "ನೀವು ಕಣ್ಣಲ್ಲಿ ಬೇರೆ ನೀರು ದಂಡ ಮಾಡ್ತಾ ಇದ್ದೀರ."

ನಟರಾಜ್ ಕೆಮ್ಮುತ್ತಲೇ ಮೇಲಧಿಕಾರಿಗಳಿಗೆ ಫೋನ್ ಮಾಡಿದರು. ಕೆಮ್ಮು ಸ್ಪಷ್ಟವಾಗಿ ಕೇಳಿಸಿದ್ದರಿಂದ ತಿದ್ದುಪಡಿ ನಿಂತ ನಿಲುವಿನಲ್ಲೇ ಹೊರಬಿತ್ತು: "ಅಧಿಕಾರಿಗಳು ಹುಳಗಳ ವರ್ಗಕ್ಕೆ ಸೇರದೇ ಇರುವುದರಿಂದ, ಸದರಿ ಹೋಟೆಲಿನಲ್ಲಿ ನಿಗಮದ ಅಧಿಕಾರಿ ಆಸೀನರಾಗಿರುವಷ್ಟು ಹೊತ್ತು, ಅವರ ಗಂಟಲಿನ ಉಪಯೋಗಕ್ಕಾಗಿ ಮಾತ್ರ, ನಲ್ಲಿ ತೆರೆದಿರತಕ್ಕದ್ದು."

ಊರಿಗೆ ನೀರು ಬಿಡುವ ನೀರುಗಂಟಿ ಲಕ್ಕಪ್ಪ ಓಡಿ ಬಂದು ವಾಲ್ವ್ ತಿರುಗಿಸಿದ. ನಟರಾಜ್ ಒಂದು ಲೋಟ ಕುಡಿದು ಸುಧಾರಿಸಿಕೊಳ್ಳುವಷ್ಟರಲ್ಲಿ ಮೀನಾಕ್ಷಮ್ಮ ಹಂಡೆ, ಕೊಡ ಎಲ್ಲ ತುಂಬಿಸಿ, ಅಕ್ಕಿ ತೊಳೆದು ಒಲೆಗಿಟ್ಟಾಗಿತ್ತು. ಅವರು ಏಳಹೋದರೆ ಲಕ್ಕಪ್ಪ ಅಡ್ಡ ನಿಂತ.

"ಕೂತ್ಕಳಿ ಸಾ. ನೀವು ಎದ್ರೆ ನಾನು ಬಂದ್ ಮಾಡ್ಬೇಕಾಯ್ತದೆ. ಅನ್ನ ಬೇಯ್ಲಿ, ಉಂಡ್ಕಂಡೇ ಹೋಗೀರಂತೆ."

ಬಿಸಿ ಅನ್ನವೆಂದ ಮೇಲೆ ಅವರು ಕೂತರು.

ಅಂದಿನಿಂದ ಕೂತೇ ಇದ್ದಾರೆ. ನಿಗಮವು ಇದನ್ನು ಕ್ಷೇತ್ರ ಕರ್ತವ್ಯವೆಂದು ಪರಿಗಣಿಸಿ ಕುರ್ಚಿಗೆ ದಿಂಬು ಮಂಜೂರು ಮಾಡಿದೆ. ಬೆಳಗಿನ ಬಸ್ಸಿನವರೂ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್‌ಗಳೂ ಒಳಗೆ ಇಣುಕಿ, "ಸಾಹೇಬ್ರು ಕೂತವ್ರಾ?" ಎಂದು ಕೇಳಿಯೇ ಕಾಫಿ ಹೇಳುತ್ತಾರೆ. ನಟರಾಜ್ ರಜೆ ಹಾಕಿದರೆ, ಬದಲಿಗೆ ಬಾಯಾರಲು ಸಕಲೇಶಪುರದಿಂದ ಇನ್ನೊಬ್ಬ ಅಧಿಕಾರಿಯನ್ನು ಕಳಿಸುತ್ತಾರೆ. ನಿಗಮದ ವಾರ್ಷಿಕ ವರದಿಯ ಪ್ರಕಾರ ಸದರಿ ಹೋಟೆಲು ನೀರನ್ನೇ ಬಳಸುತ್ತಿಲ್ಲ. ನಿರೀಕ್ಷಕರ ಬಾಯಾರಿಕೆ ಮಾತ್ರ ಕೊಂಚ ಹೆಚ್ಚು.

ನಿನ್ನೆ ನಟರಾಜ್ ಕಾಫಿ ಮುಗಿಸಿ, ಮನೆಗೆ ಹೊರಡೋಣವೆಂದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಮೀನಾಕ್ಷಮ್ಮ ಇನ್ನೊಂದು ಲೋಟ ತಂದು ಮುಂದಿಟ್ಟಳು.

"ನಿಧಾನಕ್ಕೆ ಕುಡೀರಿ ಸಾ. ಪಾತ್ರೆ ಇನ್ನೂ ತೊಳ್ದಿಲ್ಲ."