ನಿದ್ದೆ ಮಾಡಬೇಕಿದ್ದ ಮೇಷ್ಟ್ರು

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಒಂದು ಆಕಳಿಕೆ.

ಇಂಜಿನಿಯರಿಂಗ್ ವಿಭಾಗದ ಮೇಷ್ಟ್ರು ಬೆಳಿಗ್ಗೆ ಮೆಟ್ಟಿಲು ಹತ್ತುತ್ತ, ಯಾರೂ ನೋಡುತ್ತಿಲ್ಲವೆಂದುಕೊಂಡು, ದವಡೆ ಕಳಚಿ ಬೀಳುವ ಹಾಗೆ ಬಾಯಿ ತೆರೆದರು. ಮನೆಯಲ್ಲಿ ಮಗಳಿಗೆ ಹಲ್ಲು ಬರುತ್ತಿತ್ತು. ಹಲ್ಲು ಅವಳದಾದರೂ ಹಾರಿಹೋಗಿದ್ದ ನಿದ್ದೆ ಮಾತ್ರ ಅಪ್ಪನದು. ಬಾಯಿ ಮುಚ್ಚಿ ಕಣ್ಣು ಬಿಟ್ಟರೆ ಎದುರಿಗೆ ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳು: ಏಣಿಯಂಥ ಹುಡುಗ, ದಪ್ಪ ಕನ್ನಡಕದ ಹುಡುಗಿ. ಕಳೆದುಹೋದ ಒಡವೆ ಸಿಕ್ಕವರಂತೆ ಅವರನ್ನೇ ನೋಡುತ್ತಿದ್ದರು.

“ಸರ್, ನಿಮಗೆ ನಿದ್ದೆ ಬರ್ತಿದ್ಯಾ?” ಎಂದ ಹುಡುಗ.

“ಇಲ್ಲಪ್ಪ, ಏನೋ ಸುಮ್ನೆ...”

“ಬರ್ತಿದೆ ಅನ್ನಿ ಸರ್, ಪ್ಲೀಸ್!”

ಗಾಡಿ ಓಡಿಸುವವರು ತೂಕಡಿಸಿದರೆ ಕೂಗಿ ಎಬ್ಬಿಸುವ ಟೋಪಿ ಅವರ ಪ್ರಾಜೆಕ್ಟು. ಮಧ್ಯಾಹ್ನ ಹೊರಗಿನಿಂದ ಪರೀಕ್ಷಕರು ಬರುವವರಿದ್ದರು. ಅವರೆದುರು ತೂಕಡಿಸಿ ತೋರಿಸಲು ಒಪ್ಪಿದ್ದ ಗೆಳೆಯ ಹೆದರಿ, ಜ್ವರ ಬರಿಸಿಕೊಂಡು ರೂಮು ಸೇರಿದ್ದ.

“ನೀವೇನೂ ಮಾಡ್ಬೇಕಾಗಿಲ್ಲ ಸರ್, ನಿದ್ದೆ ಮಾಡಿದ್ರೆ ಸಾಕು” ಎಂದಳು ಹುಡುಗಿ.

ಇಂಥ ಮಾತನ್ನು ಮೇಷ್ಟ್ರಿಗೆ ಯಾರೂ ತಿಂಗಳುಗಳಿಂದ ಹೇಳಿರಲಿಲ್ಲ. ಅವರ ಕಣ್ಣು ತುಂಬಿಬಂತು.

ಲ್ಯಾಬಿನಲ್ಲಿ ಗುಜರಿಯಿಂದ ತಂದ ಕಾರಿನ ಸೀಟನ್ನು ಹಲಗೆಗೆ ಬೋಲ್ಟ್ ಹಾಕಿ ಕೂರಿಸಿ, ಮುಂದೊಂದು ಸ್ಟೀರಿಂಗ್ ನೆಟ್ಟಿದ್ದರು. ಹುಡುಗಿ ಮೇಷ್ಟ್ರ ತಲೆಗೆ ಟೋಪಿ ಇಟ್ಟು, ಕಿವಿಗೆ ನಾಡಿ ನೋಡುವ ಕ್ಲಿಪ್ಪು ಸಿಕ್ಕಿಸಿದಳು. ಮೇಷ್ಟ್ರು ಒರಗಿದರು. ರೆಪ್ಪೆ ಕೂಡಿತು. ಮೈ ಹತ್ತಿಯಂತೆ ಹಗುರಾಗುತ್ತ ಬಂತು.

ಟೋಪಿ ಅರಚಿತು. ಮೈಕಿನ ಮುಂದೆ ಬೆಕ್ಕಿನ ಬಾಲ ತುಳಿದ ಹಾಗಿತ್ತು ಆ ಸದ್ದು. ಮೇಷ್ಟ್ರು ಸ್ಟೀರಿಂಗನ್ನೇ ತಬ್ಬಿಕೊಂಡರು.

“ಸೂಪರ್ ಸರ್! ಇನ್ನೊಂದ್ಸಲ!”

ಇನ್ನೊಂದು ಸಲವಾಯಿತು, ಮತ್ತೊಂದು ಸಲವಾಯಿತು. ಊಟದ ಹೊತ್ತಿಗೆ ರೆಪ್ಪೆ ಕೊಂಚ ಭಾರವಾದರೂ ಸಾಕು, ಮೇಷ್ಟ್ರ ಎದೆ ತಾನಾಗಿ ಡವಗುಟ್ಟತೊಡಗಿತ್ತು.

ಮಧ್ಯಾಹ್ನ ವಿಭಾಗದ ಮುಖ್ಯಸ್ಥರು ಪರೀಕ್ಷಕರನ್ನು ಕರೆತಂದರು. ತಮಾಷೆ ನೋಡಲು ಪಕ್ಕದ ಲ್ಯಾಬಿನ ಮೇಡಂ, ಸ್ಟೋರ್ ನೋಡಿಕೊಳ್ಳುವಾತ ಇಬ್ಬರೂ ಬಂದರು. ಮೇಷ್ಟ್ರು ಕಣ್ಣು ಮುಚ್ಚಿದರು. ನಿದ್ದೆ ಬರಲಿಲ್ಲ.

“ಬಲಕ್ಕೆ ವಾಲಿ ಕೂತ್ಕೊಳ್ಳಿ, ನಮ್ಮ ಮಾವ ಹಾಗೇ ಮಲಗೋದು” ಎಂದರು ಮೇಡಂ.

“ಪಾದ ತಣ್ಣಗಾಗ್ಬೇಕು ಮೇಡಂ” ಎಂದ ಸ್ಟೋರಿನವನು ಮೇಷ್ಟ್ರ ಬೂಟು ಕಳಚಿಯೇಬಿಟ್ಟ. ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗಿಣುಕಿ ಎಲ್ಲರನ್ನೂ ನೋಡಿತು.

“ನಿದ್ದೆ ಮಾಡ್ರೀ! ಇದು ನನ್ನ ಆರ್ಡರ್!” ಎಂದು ಮುಖ್ಯಸ್ಥರು ಗುಡುಗಿದರು. ಇದ್ದಬದ್ದ ತೂಕಡಿಕೆಯೂ ಓಡಿಹೋಯಿತು.

ಮೇಷ್ಟ್ರು ಗೊರಕೆ ಹೊಡೆದು ನೋಡಿದರು. ಟೋಪಿ ಪಿಟ್ಟೆನ್ನಲಿಲ್ಲ.

“ಸುಳ್ಳು ನಿದ್ದೆಗೆ ಅದು ಬಗ್ಗಲ್ಲ ಸರ್” ಎಂದು ಹುಡುಗಿ ಅಳು ನುಂಗಿಕೊಂಡು ಪಿಸುಗುಟ್ಟಿದಳು. “ಅದೇ ನಮ್ಮ ಪ್ರಾಜೆಕ್ಟಿನ ಹೆಚ್ಚುಗಾರಿಕೆ.”

“ಕೂಗದೇ ಇರೋ ಟೋಪಿನ ನಾನು ಹೇಗೆ ಪಾಸು ಮಾಡ್ಲಿ?” ಎಂದರು ಪರೀಕ್ಷಕರು. “ಮುಂದಿನ ವರ್ಷ ಮತ್ತೆ ಮಾಡ್ಲಿ ಬಿಡಿ.”

ಹುಡುಗನ ಮುಖ ಸುಣ್ಣದಂತಾಯಿತು. ವಿಭಾಗದ ಮಾನ ಹೋಗುವುದನ್ನು ಕಂಡ ಮುಖ್ಯಸ್ಥರು, “ಸ್ವಲ್ಪ ತಾಳಿ ಸರ್, ಅವರಿಗೆ ನಿದ್ದೆ ಬರೋ ತನಕ ನಮ್ಮ ವಿಭಾಗದ ಸಂಶೋಧನೆ ಬಗ್ಗೆ ನಾಲ್ಕು ಮಾತು ಹೇಳ್ತೀನಿ” ಎಂದು ಎದ್ದು ನಿಂತರು.

ನಾಲ್ಕು ಮಾತು ನಾಲ್ಕಕ್ಕೆ ನಿಲ್ಲಲಿಲ್ಲ. ವಿಭಾಗ ಹುಟ್ಟಿದ ವರ್ಷದಿಂದ ಹೊರಟ ಭಾಷಣ ಎತ್ತಿನ ಗಾಡಿಯಂತೆ ಸಾಗಿತು. ಮೊದಲು ಸ್ಟೋರಿನವನು ಗೋಡೆಗೊರಗಿದ. ಮೇಡಂ ಕೆನ್ನೆಗೆ ಕೈಕೊಟ್ಟು ನಿದ್ದೆಗೆ ಜಾರಿದರು. ಏಣಿಯಂಥ ಹುಡುಗ ನಿಂತಲ್ಲೇ ತೂಗಾಡಿದ. ಹುಡುಗಿ ಕಣ್ಣು ಮುಚ್ಚಿದಳು, ಕನ್ನಡಕ ಮೂಗಿನ ತುದಿಗೆ ಜಾರಿತು. ಕೊನೆಗೆ ಪರೀಕ್ಷಕರ ಗಲ್ಲ ಟೈಗೆ ತಾಗಿತು. ಕಣ್ಣು ಬಿಟ್ಟುಕೊಂಡು ಕೂತಿದ್ದವರು ಮೇಷ್ಟ್ರೊಬ್ಬರೇ.

ಮುಖ್ಯಸ್ಥರು ಬೋರ್ಡಿನ ಕಡೆ ತಿರುಗಿದ್ದೇ ಮೇಷ್ಟ್ರು ಕಾಲುಚೀಲದಲ್ಲೇ ಮೆಲ್ಲನೆದ್ದರು. ಟೋಪಿ ತೆಗೆದು ಪರೀಕ್ಷಕರ ತಲೆಯ ಮೇಲಿಟ್ಟರು. ಉಸಿರು ಬಿಗಿಹಿಡಿದು, ಕಿವಿಗೆ ಕ್ಲಿಪ್ಪು ಸಿಕ್ಕಿಸಿದರು.

ಟೋಪಿ ಕಟ್ಟಡ ನಡುಗುವಂತೆ ಅರಚಿತು. ಪರೀಕ್ಷಕರು ಕುರ್ಚಿಯಿಂದ ಚಿಮ್ಮಿ, “ನಾನು... ನಾನೇ ಟೆಸ್ಟ್ ಮಾಡಿ ನೋಡ್ತಿದ್ದೆ ಅಷ್ಟೆ!” ಎಂದು ತೊದಲಿದರು. ಯಾರ ಮುಖವನ್ನೂ ನೋಡದೆ ಪೂರ್ತಿ ಅಂಕ ಕೊಟ್ಟು, ಚಹಾಕ್ಕೂ ನಿಲ್ಲದೆ ಹೊರಟೇಹೋದರು.

ವಿದ್ಯಾರ್ಥಿಗಳು ಕುಣಿಯುತ್ತ ಓಡಿದರು. ಉಳಿದವರೂ ಚದುರಿದರು. ಖಾಲಿ ಲ್ಯಾಬಿನಲ್ಲಿ ಮೇಷ್ಟ್ರು ಬೂಟು ಹಾಕಿಕೊಳ್ಳಲೆಂದು ಸೀಟಿನಲ್ಲಿ ಕೂತರು. ಒಂದು ಬೂಟು ಕೈಯಲ್ಲಿರುವಾಗಲೇ, ಯಾರೂ ಕೇಳದೆ, ಯಾರೂ ಅಳೆಯದೆ, ನಿದ್ದೆ ಬಂತು. ಎಂಥ ನಿದ್ದೆ! ಬಾವಿಗೆ ಬಿಟ್ಟ ಕಲ್ಲಿನಂತೆ ಅವರು ತಳ ಸೇರಿದರು.

ಯಾರೋ ಭುಜ ಹಿಡಿದು ಅಲುಗಾಡಿಸಿದರು. ಕಣ್ಣು ಬಿಟ್ಟರೆ ಮುಖ್ಯಸ್ಥರು. ಅವರ ಕಣ್ಣಂಚಿನಲ್ಲಿ ನೀರಿತ್ತು.

“ಇಷ್ಟು ವರ್ಷದಲ್ಲಿ ನನ್ನ ಭಾಷಣವನ್ನ ಕಣ್ಣು ಬಿಟ್ಕೊಂಡು ಪೂರ್ತಿ ಕೇಳಿದ್ದು ನೀವೊಬ್ರೇ ಕಣ್ರೀ. ಕುಲಪತಿಗಳ ಹತ್ರ ಈಗಷ್ಟೇ ಮಾತಾಡಿ ಬಂದೆ. ಹಾಸ್ಟೆಲ್ಲಿಗೆ ರಾತ್ರಿ ವಾರ್ಡನ್ ಬೇಕಿತ್ತು. ಹಳಬರು ಗೇಟಿನ ಹತ್ರಾನೇ ಗೊರಕೆ ಹೊಡೀತಾರಂತೆ. ನಿಮ್ಮಂಥ ನಿದ್ದೆ ಬಾರದ ಮನುಷ್ಯ ಬೇರೆ ಎಲ್ಲಿ ಸಿಗ್ಬೇಕು? ಇವತ್ತಿಂದಲೇ!”

“ಸರ್, ಈಗ ನಾನು ನಿಜವಾಗ್ಲೂ ನಿದ್ದೆ ಮಾಡ್ತಿದ್ದೆ...”

ಮುಖ್ಯಸ್ಥರು ಮೇಷ್ಟ್ರ ಬೆನ್ನು ತಟ್ಟಿ ಗಹಗಹಿಸಿ ನಕ್ಕರು.

“ಅಷ್ಟು ಜನ ಸೇರಿ ಮಲಗಿಸಿದ್ರೂ ಮಲಗ್ಲಿಲ್ಲ ನೀವು! ಈ ನಾಟಕ ನನ್ನ ಹತ್ರ ನಡೆಯಲ್ಲ. ಬೂಟು ಹಾಕ್ಕೊಳ್ಳಿ, ಹೊರಡೋಣ.”