ಸೋತ ಡಿಸ್ಕಿನ ಮೇಲ್ಮನವಿ

ಬಹುಮತವನ್ನು ನಾನು ಗೌರವಿಸುತ್ತೇನೆ. ಆದರೆ ಅದರ ತೀರ್ಪನ್ನು ಮರುಪರಿಶೀಲಿಸದೆ ಒಪ್ಪಿಕೊಂಡು ಸುಮ್ಮನೆ ಕೂರುವುದು ಈ ಜನ್ಮದಲ್ಲಿ ನನ್ನಿಂದಾಗದು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅಂಟಿದ ಈ ರೋಗ ಪಾಂಡವಪುರದಲ್ಲಿ ಸಂಸಾರ ಹೂಡಿ ತಲೆ ನರೆತ ಮೇಲೂ ಬಿಟ್ಟಿಲ್ಲ. ಸಿನಿಮಾ ಡಿಸ್ಕುಗಳ ವಿಚಾರವನ್ನೇ ನೋಡಿ. ಹಿಂದೊಮ್ಮೆ ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿ ಎಂಬ ಎರಡು ಬಗೆಯ ಡಿಸ್ಕುಗಳು ಹೆಚ್ಚು ಸ್ಪಷ್ಟವಾದ ಚಿತ್ರ ತನ್ನದು, ತನ್ನದೆಂದು ಸೆಣಸಿದವು. ಎರಡನೆಯದು ಸೋತು ಅಂಗಡಿಗಳಿಂದ ಮಾಯವಾಯಿತು. ಅದು ಸೋತದ್ದು ಮಾರುಕಟ್ಟೆಯಲ್ಲಿ. ಸತ್ಯದ ಕಟಕಟೆಯಲ್ಲಿ ಅದರ ವಾದವನ್ನು ಕೇಳಿದವರು ಯಾರು? ಈ ಪ್ರಶ್ನೆ ನನ್ನನ್ನು ಕೂತಲ್ಲಿ ಕೂರಗೊಡಲಿಲ್ಲ. ಶ್ರೀರಂಗಪಟ್ಟಣದಲ್ಲಿ ಟಿ.ವಿ. ರಿಪೇರಿ ಮಾಡುವ ಗೆಳೆಯ ರಫೀಕ್, ಗುಜರಿಯಿಂದ ಆ ಸೋತ ಡಿಸ್ಕನ್ನು ಓಡಿಸುವ ಯಂತ್ರವನ್ನೂ, ನನ್ನ ಬಳಿ ಬ್ಲೂ-ರೇಯಲ್ಲಿದ್ದ ಚಿತ್ರದ್ದೇ ಎಚ್‌ಡಿ ಡಿವಿಡಿಯೊಂದನ್ನೂ ಹುಡುಕಿ ತಂದ. "ಅರೆ ಭಾಯ್, ಸತ್ತೋಗಿರೋ ಮಶೀನ್‌ಗೆ ಯಾಕ್ ವಕೀಲಿ ಮಾಡ್ತೀರಾ? ದಫನ್ ಮಾಡ್ಬುಡಿ," ಎಂದು ನಗುತ್ತಲೇ ವೈರು ಜೋಡಿಸಿ ಹೋದ.

ಅದೇ ದಿನ ಬಿಂಡಿಗನವಿಲೆಯಿಂದ ನನ್ನ ಸೋದರತ್ತೆ ನಿಂಗಮ್ಮನವರು ಎರಡು ದಿನದ ಮಟ್ಟಿಗೆ ಬಂದಿಳಿದರು. ಜೀವಮಾನವಿಡೀ ಕುರಿ ಸಾಕಿದವರು. ಚಿತ್ರದ ಕಥೆಯೂ ಕುರಿಯದೇ: ಯಾವುದೋ ಹಿಮದ ದೇಶದಲ್ಲಿ ಮುದುಕನೊಬ್ಬ ಗಬ್ಬದ ಕುರಿಯನ್ನು ಬಿರುಗಾಳಿಯಲ್ಲಿ ಕಳೆದುಕೊಂಡು ಹುಡುಕಿ ಹೊರಡುತ್ತಾನೆ. ಅವನ ಭಾಷೆ ನನಗೂ ತಿಳಿಯದು. ಅತ್ತೆಗೆ ಭಾಷೆಯೇ ಬೇಕಿರಲಿಲ್ಲ. "ಗಬ್ಬದ್ ಕುರಿನ ಇಂಥಾ ಚಳೀಲಿ ಬುಟ್ಟವ್ನಲ್ಲಾ, ಇವ್ನಿಗೇನ್ ಬುದ್ಧಿ ಐತಾ?" ಎಂದು ಬೈಯುತ್ತಾ ಮುಂದಕ್ಕೆ ಸರಿದು ಕೂತರು.

ಉಭಯ ಪಕ್ಷಗಳಿಗೂ ಸಮಾನ ಕಾಲಾವಕಾಶ ಎಂಬುದು ನನ್ನ ನಿಯಮ. ಎರಡು ನಿಮಿಷ ಬ್ಲೂ-ರೇ. ಅನಂತರ ಅದೇ ಎರಡು ನಿಮಿಷ ಎಚ್‌ಡಿ ಡಿವಿಡಿ. ನಡುನಡುವೆ ಚಿತ್ರವನ್ನು ನಿಲ್ಲಿಸಿ, ತೆರೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಉಣ್ಣೆಯ ಎಳೆಗಳನ್ನೂ ಹಿಮದ ಬಿಳುಪನ್ನೂ ಪರೀಕ್ಷಿಸಿ ಟಿಪ್ಪಣಿ ಬರೆದೆ. ಕೂತೆ, ಎದ್ದೆ, ಮತ್ತೆ ಕೂತೆ. ಮುದುಕ ಕುರಿ ಕಳೆದುಕೊಂಡ, ನಾನು ರಿಮೋಟು ಒತ್ತಿದೆ, ಮತ್ತೆ ಕಳೆದುಕೊಂಡ.

"ಒಂದೇ ಕುರಿನ ಎಷ್ಟ್ ಸಲ ಕಳ್ಕತಾನ್ಲಾ ಅವ್ನು? ಕಟ್ಟಾಕ್ಬಾರ್ದಾ?" ಎಂದರು ಅತ್ತೆ.

ನಾನು ನಿಷ್ಪಕ್ಷಪಾತದ ಮಹತ್ವವನ್ನು ವಿವರಿಸಿ, "ಉಣ್ಣೆ ಯಾವುದರಲ್ಲಿ ಚೆನ್ನಾಗಿ ಕಾಣುತ್ತೆ ಅತ್ತೆ?" ಎಂದು ಕೇಳಿದೆ.

"ಉಣ್ಣೆ ಕಟ್ಕಂಡ್ ಏನ್ಲಾ ಮಾಡೀಯೆ? ಅದು ಬದುಕ್ತದಾ ಸಾಯ್ತದಾ, ಅದ ತೋರ್ಸು!"

ಪ್ರಮಾಣ ಮಾಡಿ ಹೇಳುವಂಥ ವ್ಯತ್ಯಾಸವೇನೂ ನನಗೆ ಕಾಣಲಿಲ್ಲ. ಒಂದು ದೃಶ್ಯದಲ್ಲಿ ಮಾತ್ರ ಸೋತ ಡಿಸ್ಕಿನ ಕಪ್ಪು ಹೆಚ್ಚು ಗಾಢವೆನಿಸಿ ಟಿಪ್ಪಣಿಗೆ ಪೆನ್ನೆತ್ತಿದೆ; ಅದು ತೆರೆಯ ಮೇಲೆ ಬಿದ್ದ ನನ್ನದೇ ತಲೆಯ ನೆರಳು.

ಎರಡನೆಯ ದಿನ ಮಧ್ಯಾಹ್ನ ಮುದುಕನಿಗೆ ಹಿಮದಲ್ಲಿ ಗೊರಸಿನ ಗುರುತು ಕಂಡಾಗ ಅತ್ತೆಗೆ ಬಸ್ಸಿನ ಹೊತ್ತಾಯಿತು. "ಪಾಪ, ಕಡೇದಾದ್ರೂ ತೋರ್ಸಿ ಕಳಿಸ್ಬುಡಿ," ಎಂದಳು ಹೆಂಡತಿ. ನಡುವೆ ಕ್ರಮ ತಪ್ಪಿದರೆ ತೀರ್ಪಿಗೆ ಬೆಲೆಯಿಲ್ಲವೆಂದೆ. ಅತ್ತೆ ಚೀಲ ಎತ್ತಿಕೊಂಡರು. ನಾಗಮಂಗಲದ ಬಸ್ಸು ಹೊರಟಾಗ ಕಿಟಕಿಯಿಂದ ಕೇಳಿದರು: "ಸಿಕ್ತದೇನ್ಲಾ ಅದು?"

"ನಾನೂ ನೋಡಿಲ್ಲ ಅತ್ತೆ."

"ಎಲ್ಡ್ ದಿನದಿಂದ ಮತ್ತೇನ್ ನೋಡ್ತಿದ್ದೆ?"

ಮರುದಿನ ಬೆಳಗ್ಗೆಯೇ ಫೋನು. "ನಿದ್ದೇನೇ ಬರ್ನಿಲ್ಲ ಕಣ್ಲಾ. ಸಿಕ್ತಾ?" ವೇದಿಕೆಯ ಮೇಲೆ ಎಂದೂ ಸುಳ್ಳಾಡದ ನಾನು ಆ ದನಿಯಲ್ಲಿನ ಕಳವಳಕ್ಕೆ ಎದುರುವಾದ ಹೂಡಲಾರದೆ, "ಸಿಕ್ತು ಅತ್ತೆ," ಎಂದುಬಿಟ್ಟೆ.

"ಮರಿ?"

"ಮರೀನೂ ಚೆನ್ನಾಗಿದೆ."

ಆ ಕಡೆಯಿಂದ ದೀರ್ಘವಾದ ಉಸಿರೊಂದು ಕೇಳಿತು. "ಸದ್ಯ, ಬುಡು," ಎಂದು ಅತ್ತೆ ಫೋನಿಟ್ಟರು.

ಡಿಸ್ಕುಗಳೆರಡೂ ಅಂದಿನಿಂದ ಬೀರುವಿನಲ್ಲಿವೆ. ವಿಚಾರಣೆಯನ್ನು ಮುಂದೂಡಲಾಗಿದೆಯೆಂದು ಮನೆಯಲ್ಲಿ ಘೋಷಿಸಿದ್ದೇನೆ. ಆ ಮುದುಕ ಹಿಮದಲ್ಲಿ ಕಡೆಗೆ ಏನನ್ನು ಕಂಡನೋ, ಅದನ್ನು ಅಷ್ಟೊಂದು ಸ್ಪಷ್ಟವಾಗಿ, ಅದೂ ಎರಡೆರಡು ಸಲ ನೋಡುವ ಧೈರ್ಯ ಈಗ ನನಗಿಲ್ಲ.