ಮೇಷ್ಟ್ರ ಇಟಲಿ ಪ್ರವಾಸ

"ನಿಮ್ಮ ವೀಸಾ ಎಲ್ಲಿ?" ಎಂದು ಡಬ್ಲಿನ್ ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ಕೇಳಿದಾಗ ನಂದೀಶನಿಗೆ ನಗು ಬಂತು. ಪಾಸ್‌ಪೋರ್ಟಿನಲ್ಲೇ ಅಷ್ಟು ದೊಡ್ಡದಾಗಿ ಅಂಟಿಸಿದ್ದಾರೆ, ಇವಳಿಗೆ ಕಾಣಿಸುತ್ತಿಲ್ಲವೇ ಎಂದುಕೊಂಡು ತಾನೇ ಪುಟ ಬಿಡಿಸಿ ತೋರಿಸಿದ.

"ಇದು ಐರ್ಲೆಂಡಿನದು. ಇಟಲಿಗೆ ಬೇರೆ ವೀಸಾ ಬೇಕು. ನಿಮ್ಮ ತಂದೆತಾಯಿಗೂ ಬೇಕು, ನಿಮಗೂ ಬೇಕು" ಎಂದು ಹುಡುಗಿ ಮೂರೂ ಪಾಸ್‌ಪೋರ್ಟುಗಳನ್ನು ಜೋಡಿಸಿ ವಾಪಸ್ ಕೊಟ್ಟಳು. "ಸಾರಿ. ನೆಕ್ಸ್ಟ್ ಪ್ಲೀಸ್."

ನಂದೀಶನ ನಗು ತುಟಿಯ ಮೇಲೇ ಒಣಗಿತು. ಇದಕ್ಕೆಲ್ಲ ಕಾರಣ ಕಿಶೋರ್. ಡಬ್ಲಿನ್ ಹೊರವಲಯದ ಆಡಮ್ಸ್‌ಟೌನಿನಲ್ಲಿ ನಂದೀಶ ಬಾಡಿಗೆಗಿದ್ದ ಮನೆಯ ಯಜಮಾನ. ಬೆಂಗಳೂರಿನವನು, ಐರ್ಲೆಂಡಿಗೆ ಬಂದು ಬೇರುಬಿಟ್ಟವನು, ಯಾರೂ ಕೇಳದಿದ್ದರೂ ಸಲಹೆ ಕೊಡುವವನು. "ವೀಸಾ ಗೀಸಾ ಏನೂ ಬೇಡ ಕಣೋ. ಯುರೋಪೆಲ್ಲಾ ಒಂದೇ. ನಾನು ಎಷ್ಟು ಸಲ ಇಟಲಿಗೆ ಹೋಗಿ ಬಂದಿಲ್ಲ? ಒಬ್ಬನೂ ಏನೂ ಕೇಳಲಿಲ್ಲ. ಗ್ರ್ಯಾಂಡ್!" ಎಂದು ಐರಿಶರ ಧಾಟಿಯಲ್ಲಿ ಹೇಳಿದ್ದ. ಎಂ.ಎಸ್ಸಿ. ಪ್ರಬಂಧದಲ್ಲಿ ಮುಳುಗಿದ್ದ ನಂದೀಶ ಮತ್ತೆ ಯಾರನ್ನೂ ವಿಚಾರಿಸದೆ ಟಿಕೆಟ್ ತೆಗೆದುಬಿಟ್ಟಿದ್ದ.

"ಏನಂತೆ?" ಎಂದು ಹಿಂದಿನಿಂದ ಅಪ್ಪ ಶಿವರುದ್ರಪ್ಪ ಕೇಳಿದರು. ದಾವಣಗೆರೆಯ ಹೈಸ್ಕೂಲೊಂದರಲ್ಲಿ ಇತಿಹಾಸದ ಮೇಷ್ಟ್ರಾಗಿ ನಿವೃತ್ತರಾದವರು. ಹೊಸ ಕೋಟು ತೊಟ್ಟು, ಕೂದಲಿಗೆ ಎಣ್ಣೆ ಹಚ್ಚಿ, ರೋಮಿನ ಚಕ್ರವರ್ತಿಗಳನ್ನೆಲ್ಲ ಖುದ್ದಾಗಿ ವಿಚಾರಿಸಿಕೊಳ್ಳಲು ಹೊರಟವರಂತೆ ನಿಂತಿದ್ದರು.

"ಅಪ್ಪ... ನಮ್ಮನ್ನ ಬಿಡಲ್ವಂತೆ."

ಶಿವರುದ್ರಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗನನ್ನು ನೋಡುವಂತೆ ಮಗನನ್ನು ನೋಡಿದರು. ಕಿವಿಗಳು ಮಾತ್ರ ಕೆಂಪಾದವು.

"ಓದಾಕೆ ಕಳಿಸಿದ್ದೆ ನಿನ್ನ" ಎಂದರು ಮೆತ್ತಗೆ. "ಟಿಕೆಟ್ ಓದಾಕೂ ಬರಲ್ಲ, ವೀಸಾ ಓದಾಕೂ ಬರಲ್ಲ. ಏನ್ ಓದ್ತಾ ಇದೀಯಾ ನೀನಿಲ್ಲಿ?"

ಅವರ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಈಗಷ್ಟೇ 'ರೋಮ್' ಎಂದು ಬರೆದಿದ್ದ ಬೋರ್ಡಿನ ಕೆಳಗೆ ಹೆಂಡತಿ ಚಂದ್ರಾವತಿಯ ಜೊತೆ ನಿಂತು ಫೋಟೋ ತೆಗೆಸಿಕೊಂಡು, 'ರೋಮಿಗೆ ಹೊರಟೆವು. ಭಾನುವಾರ ವಾಪಸು' ಎಂದು ಸಂಬಂಧಿಕರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಿದ್ದರು. ಆ ಗುಂಪಿನಲ್ಲಿ ಚಂದ್ರಾವತಿಯ ತಮ್ಮ ಚಾಮರಾಜನೂ ಇದ್ದ. ಹರಿಹರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು. ಮೇಷ್ಟ್ರ ಬೀಳ್ಕೊಡುಗೆ ಸಮಾರಂಭದಲ್ಲಿ ಮೈಕು ಹಿಡಿದು, "ನಮ್ಮ ಭಾವ ಇಡೀ ರೋಮ್ ಸಾಮ್ರಾಜ್ಯ ಪಾಠ ಮಾಡಿದ್ರು, ಮೈಸೂರು ಮಾತ್ರ ದಾಟಲಿಲ್ಲ" ಎಂದು ಸಭೆಯನ್ನು ನಗಿಸಿದವನು. ಈಗ ಹೆಂಡತಿ ನಾಗಮಣಿಯೊಂದಿಗೆ ಇಂಗ್ಲೆಂಡಿನಲ್ಲಿರುವ ಮಗಳು ಶರ್ಮಿಳಾಳ ಮನೆಗೆ ಬಂದು, ದಿನಕ್ಕೊಂದು ಸೇತುವೆಯ ಮುಂದೆ ನಿಂತು ಫೋಟೋ ಕಳಿಸುತ್ತಿದ್ದ. ಒಂದೊಂದು ಸೇತುವೆಯೂ ಶಿವರುದ್ರಪ್ಪನವರ ಎದೆಯ ಮೇಲೇ ಕಟ್ಟಿದಂತಾಗುತ್ತಿತ್ತು.

ಫೋನ್ ಮಾಡಿದ ಮೇಲೆ ಕಿಶೋರನೇ ಕಾರು ತಂದ. ನಂದೀಶ ಬ್ಯಾಗನ್ನು ಡಿಕ್ಕಿಗೆ ಎಸೆದ ರಭಸಕ್ಕೆ ಕಾರು ಒಮ್ಮೆ ಕುಳಿತೆದ್ದಿತು.

"ನೀವು ಹೇಳಿದ್ರಲ್ಲ, ಏನೂ ಬೇಡ ಅಂತ! ನೀವು ಹೇಗೆ ಹೋದ್ರಿ ಹಾಗಾದ್ರೆ?"

ಕಿಶೋರ್ ಸ್ವಲ್ಪ ಯೋಚಿಸಿದ. "ಓ... ನಂದು ಐರಿಶ್ ಪಾಸ್‌ಪೋರ್ಟ್ ಅಲ್ವಾ. ನನಗೆ ಎಲ್ಲೂ ಕೇಳಲ್ಲ. ಅದು ನೆನಪೇ ಆಗ್ಲಿಲ್ಲ ನೋಡು."

ನಂದೀಶನಿಗೆ ಅವನ ಕತ್ತು ಹಿಸುಕಬೇಕೆನ್ನಿಸಿತು. ಆದರೆ ಸ್ಟೀರಿಂಗ್ ಅವನ ಕೈಯಲ್ಲಿತ್ತು, ಮನೆಯೂ ಅವನದೇ. ಹಲ್ಲು ಕಡಿದು ಕುಳಿತ.

ಹಿಂದಿನ ಸೀಟಿನಲ್ಲಿ ಶಿವರುದ್ರಪ್ಪನವರ ಫೋನು ಟಿಣ್ ಟಿಣ್ ಎನ್ನುತ್ತಲೇ ಇತ್ತು. ಶುಭ ಪ್ರಯಾಣ, ಹೂಗುಚ್ಛ, ಕೈಮುಗಿದ ಗುರುತು. ಊರಿನಲ್ಲಿದ್ದ ಮಗಳು ಐಶು, 'ಅಪ್ಪ, ಇಳಿದ ತಕ್ಷಣ ಫೋಟೋ ಹಾಕಿ' ಎಂದು ಬರೆದಿದ್ದಳು. ಚಾಮರಾಜ ಮಾತ್ರ ತುಟಿಪಿಟಕ್ಕೆಂದಿರಲಿಲ್ಲ.

"ನೋಡ್ದ್ಯೇನೇ ನಿನ್ನ ತಮ್ಮನ್ನ? ಹೊಟ್ಟೆಯುರಿ. ಒಂದು ಹೆಬ್ಬೆರಳು ಎತ್ತಿ ತೋರಿಸಾಕೂ ಆಗ್ಲಿಲ್ಲ ಅವನಿಗೆ" ಎಂದರು ಹೆಂಡತಿಗೆ. ಮರುಕ್ಷಣವೇ ಮುಖ ಕಪ್ಪಿಟ್ಟಿತು. "ಹೋಗಿಲ್ಲ ಅಂತ ಗೊತ್ತಾದ್ರೆ ಅಂಗಡಿಗೆ ಬರೋ ಗಿರಾಕಿಗಳಿಗೆಲ್ಲ ಮೊಳೆ ಜೊತೆ ನನ್ನ ಕತೇನೂ ಕಟ್ಟಿ ಕೊಡ್ತಾನೆ."

"ಅಷ್ಟೇನಾ ಸರ್?" ಎಂದ ಕಿಶೋರ್. "ವಿಕ್ಲೋ ಕಡೆ ಒಂದು ಹಳೇ ಬಂಗಲೆ ಇದೆ. ಅದಕ್ಕೊಂದು ಇಟಾಲಿಯನ್ ಗಾರ್ಡನ್. ಕಾರಂಜಿ, ಬೊಂಬೆ, ಮೆಟ್ಟಿಲು, ಎಲ್ಲಾ ಅಲ್ಲಿನ ಥರಾನೇ. ನಾಲ್ಕು ಫೋಟೋ ಹೊಡ್ಕೊಂಡು ಬಂದ್ರೆ ಯಾರಿಗೆ ಗೊತ್ತಾಗತ್ತೆ?"

"ಬಾಯ್ಮುಚ್ಚಿ!" ಶಿವರುದ್ರಪ್ಪ ಗುಡುಗಿದರು. "ಜೀವಮಾನವೆಲ್ಲ ಕಾಪಿ ಹೊಡೆಯೋರನ್ನ ಹಿಡಿದು ಆಚೆ ಹಾಕಿದವನು ನಾನು. ನನಗೇ ಸುಳ್ಳು ಫೋಟೋನಾ?"

ಮುಂದಿನ ಸಿಗ್ನಲಿನಲ್ಲಿ ಕಾರು ನಿಂತಾಗ ಶಿವರುದ್ರಪ್ಪ ಕಿಟಕಿಯಾಚೆ ನೋಡುತ್ತಲೇ, "ಅಲ್ಲಿ ಕಂಬಗಳು ಇದಾವಾ?" ಎಂದು ಕೇಳಿದರು.

ತೋಟ ಚೆನ್ನಾಗಿಯೇ ಇತ್ತು. ಅಗಲವಾದ ಮೆಟ್ಟಿಲುಗಳು, ಕೆಳಗೊಂದು ಕೊಳ, ಕೊಳದ ನಡುವೆ ಕಾರಂಜಿ, ಸುತ್ತ ಅಮೃತಶಿಲೆಯ ಬೊಂಬೆಗಳು. ಮೊದಲ ಫೋಟೋ ಹೋದ ಕೂಡಲೇ ಗುಂಪು ಗಿಜಿಗುಟ್ಟಿತು. ಆಮೇಲೆ ಐಶುವಿನ ಪ್ರಶ್ನೆ ಬಂತು. 'ಅಪ್ಪ, ಹಿಂದೆ ಇರೋ ಬಾವುಟ ಹಸಿರು, ಬಿಳಿ, ಕೇಸರಿ ಇದೆಯಲ್ಲ. ಇಟಲಿಯದು ಕೆಂಪು ಅಲ್ವಾ?'

ಶಿವರುದ್ರಪ್ಪ ಕಣ್ಣು ಕೆಂಪು ಮಾಡಿ ಮಗನತ್ತ ನೋಡಿದರು. ಯಾವನೋ ಪ್ರವಾಸಿಯ ಬ್ಯಾಗಿಗೆ ಸಿಕ್ಕಿಸಿದ್ದ ಐರಿಶ್ ಬಾವುಟ, ಅಪ್ಪನ ತಲೆಯಲ್ಲೇ ಮೊಳೆತಂತೆ ಫೋಟೋದಲ್ಲಿ ನಿಂತಿತ್ತು.

"ಹಿಂದೆ ಮುಂದೆ ನೋಡಿ ತೆಗೆಯಾಕೆ ಆಗಲ್ವೇನೋ ನಿನಗೆ?" ಎಂದು ಬೈಯುತ್ತಲೇ, 'ಬಿಸಿಲಿಗೆ ಬಣ್ಣ ಮಾಸಿದೆ ಮಗಳೇ' ಎಂದು ಟೈಪ್ ಮಾಡಿದರು. ಟೈಪ್ ಮಾಡುತ್ತಿದ್ದಂತೆ ಫೋನಿನ ಮೇಲೆ ಪಟಪಟನೆ ಮಳೆಹನಿ ಬಿತ್ತು.

ಬಿಸಿಲು ಎಂದು ಬರೆದದ್ದೇ ಎಡವಟ್ಟಾಯಿತು. 'ಅಷ್ಟು ಬಿಸಿಲಿದ್ರೆ ಕೋಟು, ಮಫ್ಲರ್ ಯಾಕಪ್ಪಾ?' ಎಂದಳು ಐಶು. ಅವಳೂ ಮೇಷ್ಟ್ರ ಮಗಳೇ, ಬಿಡುವವಳಲ್ಲ. ಶಿವರುದ್ರಪ್ಪ ಕೋಟು ಬಿಚ್ಚಿದರು. ಸ್ವೆಟರ್ ಬಿಚ್ಚಿದರು. ಅರ್ಧ ತೋಳಿನ ಅಂಗಿಯಲ್ಲಿ, ವಿಕ್ಲೋ ಬೆಟ್ಟದ ಗಾಳಿಗೆ ಎದೆಕೊಟ್ಟು ನಿಂತು, ಹಣೆಯ ಬೆವರು ಒರೆಸಿಕೊಳ್ಳುವವರಂತೆ ಕರವಸ್ತ್ರ ಹಿಡಿದರು. ಚೌಕಟ್ಟಿನಾಚೆಯಿಂದ ನಂದೀಶ ಕೊಡೆ ಚಾಚಿ ಹಿಡಿದಿದ್ದ. ಕೊಡೆಯ ನೀರೆಲ್ಲ ಅವನ ಕಾಲರಿನೊಳಗೆ ಇಳಿಯುತ್ತಿತ್ತು.

"ನಗ್ರೀ ಸ್ವಲ್ಪ" ಎಂದರು ಚಂದ್ರಾವತಿ.

"ನಗ್ತಾ ಇದೀನಲ್ಲೇ!"

"ಹಲ್ಲು ಕಟಕಟ ಅಂತಿದೆ. ಅದು ನಗು ಅಲ್ಲ."

ಚಂದ್ರಾವತಿಗೂ ಸಿಟ್ಟು ಬಂದಿತ್ತು. "ರೋಮ್ ಬೇಡ, ಏನೂ ಬೇಡ. ಮಗನ ಜೊತೆ ನಾಲ್ಕು ದಿನ ಕೂತು ಉಣ್ಣಾಕೆ ಬಂದೋಳು ನಾನು. ಇವರಿಗೆ ನನ್ನ ತಮ್ಮನ ಮೇಲೆ ಹಟ, ನಿನಗೆ ಇವರ ಮೇಲೆ ಸಿಟ್ಟು. ಆ ನನ್ನ ತಮ್ಮ ನೋಡಿದ್ರೆ ಮಾತೇ ಆಡ್ತಿಲ್ಲ" ಎನ್ನುತ್ತ ಕಲ್ಲುಬೆಂಚಿನ ಮೇಲೆ ಕುಳಿತು ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಬಿಚ್ಚಿದರು.

ನಿಜ. ಇಷ್ಟು ಫೋಟೋ ಹೋದರೂ ಚಾಮರಾಜನ ಸದ್ದಿಲ್ಲ. ಅವನು ಸುಮ್ಮನಿದ್ದಷ್ಟೂ ಶಿವರುದ್ರಪ್ಪನವರ ರೋಷ ಏರುತ್ತಿತ್ತು. "ವಿಡಿಯೋ ಮಾಡೋ. ಅವನಿಗೊಂದು ಪಾಠಾನೇ ಮಾಡಿ ಕಳಿಸ್ತೀನಿ" ಎಂದು ಕೊಳದ ಮುಂದೆ ನಿಂತರು.

ಪಾಠ ಶುರುವಾದ ಮೇಲೆ ಒಂದು ವಿಚಿತ್ರ ನಡೆಯಿತು. ರೋಮಿನ ರಸ್ತೆಗಳು, ನೀರು ತರಲು ಅವರು ಕಟ್ಟಿದ ಕಮಾನುಗಳು, ಗುಲಾಮರ ದಂಗೆ, ಒಂದೊಂದನ್ನೂ ಹೇಳುತ್ತ ಹೋದಂತೆ ಶಿವರುದ್ರಪ್ಪನವರ ಹಲ್ಲು ಕಟಕಟಿಸುವುದು ನಿಂತಿತು. ಮಳೆಯನ್ನು ಮರೆತರು, ಚಾಮರಾಜನನ್ನು ಮರೆತರು. ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವಂತೆ ಗಾಳಿಯಲ್ಲಿ ಬೆರಳಾಡಿಸಿ ಕಮಾನು ಬರೆದರು. ಕ್ಯಾಮೆರಾ ಹಿಡಿದಿದ್ದ ನಂದೀಶನಿಗೆ ಬೆಳಗಿನಿಂದ ಅಪ್ಪನ ಮೇಲೆ, ಕಿಶೋರನ ಮೇಲೆ ಕುದಿಯುತ್ತಿದ್ದ ಸಿಟ್ಟೆಲ್ಲ ಈಗ ತನ್ನ ಮೇಲೇ ತಿರುಗಿತು. ಒಂದು ವೀಸಾ ವಿಚಾರಿಸಲಾಗಲಿಲ್ಲ ನನಗೆ. ಥೂ.

ಪಾಠ ಮುಗಿಯಿತು. ಕನ್ನಡ ಒಂದಕ್ಷರ ಬಾರದಿದ್ದರೂ ಕೊಡೆ ಹಿಡಿದು ನಿಂತು ಕೇಳಿದ ಐರಿಶ್ ಅಜ್ಜಿಯೊಬ್ಬಳು ಚಪ್ಪಾಳೆ ತಟ್ಟಿ, "ಲವ್ಲಿ! ವೆಲ್ಕಮ್ ಟು ವಿಕ್ಲೋ!" ಎಂದು ಜೋರಾಗಿ ಕೂಗಿದಳು. ಅದೂ ರೆಕಾರ್ಡಾಯಿತು. ಅಷ್ಟು ಒಳ್ಳೆಯ ಪಾಠವನ್ನು ಅಳಿಸಬೇಕಾಯಿತು. ಶಿವರುದ್ರಪ್ಪ ಎರಡು ಸಲ ಸೀನಿ, ಅಜ್ಜಿಯನ್ನೂ ಮಗನನ್ನೂ ಒಟ್ಟಿಗೇ ಶಪಿಸಿದರು.

ಆಗ ಚಂದ್ರಾವತಿಯ ಫೋನಿಗೆ ವಾಟ್ಸಾಪ್ ಕರೆ ಬಂತು. ಚಾಮರಾಜ!

"ಕೊಡಿಲ್ಲಿ, ಸ್ಪೀಕರ್ ಹಾಕು" ಎಂದು ಶಿವರುದ್ರಪ್ಪ ಫೋನು ಕಸಿದುಕೊಂಡರು. ಗಂಟಲು ಸರಿಮಾಡಿಕೊಂಡು, "ಏನಪ್ಪಾ ಚಾಮರಾಜ, ಈಗ ನೆನಪಾಯ್ತಾ? ನೋಡಿದ್ಯಾ ಫೋಟೋ?" ಎಂದರು.

"ಈಗ ನೋಡಿದೆ ಭಾವ! ಬೆಳಗಿಂದ ನನ್ನ ಫೋನಲ್ಲಿ ನೆಟ್ಟೇ ಇರ್ಲಿಲ್ಲ. ಈಗ ಯಾರೋ ಪಕ್ಕದ ಮನೆ ಅಮ್ಮ ಪಾಪ ವೈಫೈ ಕೊಟ್ರು. ರೋಮ್ ಭಾಳ ಚೆಂದ ಕಾಣ್ತಾ ಐತೆ. ನಿಮ್ಮನ್ನ ಅಲ್ಲಿ ನೋಡಿ ಕಣ್ಣು ತುಂಬಿ ಬಂತು, ದೇವರಾಣೆ. ಅವತ್ತು ಸಭೇಲಿ ಏನೋ ಅಂದುಬಿಟ್ಟಿದ್ದೆ. ಮನಸ್ಸಲ್ಲಿ ಇಟ್ಕೋಬೇಡಿ."

ಶಿವರುದ್ರಪ್ಪ ತಬ್ಬಿಬ್ಬಾದರು. ಇಂಥ ಮಾತಿಗೆ ಅವರು ತಯಾರಾಗಿರಲಿಲ್ಲ. "ಇರ್ಲಿ ಬಿಡು... ಪಕ್ಕದ ಮನೆ ಅಂದ್ಯಲ್ಲ, ಎಲ್ಲಿದೀಯಾ ನೀನು?"

"ಅದೇ ಭಾವ ಎಡವಟ್ಟಾಗಿರೋದು!" ಎಂದು ನಕ್ಕ ಚಾಮರಾಜ. "ನಿಮಗೆ ಸರ್ಪ್ರೈಸ್ ಕೊಡೋಣ ಅಂತ ನಾನೂ ನಾಗಮಣೀನೂ ಬೆಳಗ್ಗೇನೇ ವಿಮಾನ ಹತ್ತಿ ಬಂದುಬಿಟ್ವಿ. ನಮ್ಮ ಬ್ರಿಟನ್ ವೀಸಾದಲ್ಲೇ ಇಲ್ಲಿಗೂ ಬಿಡ್ತಾರಂತೆ, ಶರ್ಮಿಳಾ ಎಲ್ಲ ವಿಚಾರಿಸಿ ಕಳಿಸಿದ್ಲು. ಆಡಮ್ಸ್‌ಟೌನಲ್ಲಿ ನಂದೀಶನ ಮನೆ ಬಾಗಿಲಲ್ಲೇ ನಿಂತಿದೀವಿ. ಬೀಗ ಹಾಕೈತೆ."

ಚಂದ್ರಾವತಿಯ ಕೈಯಲ್ಲಿದ್ದ ರೊಟ್ಟಿ ಎರಡು ತುಂಡಾಯಿತು. "ಅಪ್ಪ, ನಿಜ ಹೇಳಿಬಿಡಿ" ಎಂದು ನಂದೀಶ ಕೈಸನ್ನೆ ಮಾಡಿದ. "ಹೇಳ್ರೀ, ಒಂದು ಗಂಟೇಲಿ ಮನೇಲಿರ್ತೀವಿ" ಎಂದು ಚಂದ್ರಾವತಿ ಪಿಸುಗುಟ್ಟಿದರು.

ಶಿವರುದ್ರಪ್ಪ ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು.

"ಅಯ್ಯೋ, ಎಂಥಾ ಕೆಲಸ ಆಯ್ತು ಚಾಮರಾಜ. ಇರು, ಕೀ ಮನೆ ಓನರ್ ಕಿಶೋರ್ ಹತ್ರ ಐತೆ. ಬಂದು ತೆಗೀತಾರೆ. ಆರಾಮಾಗಿ ಮಲಕ್ಕೊಳ್ಳಿ."

"ನಮ್ಮ ಚಿಂತೆ ಬಿಡಿ ಭಾವ! ಭಾನುವಾರದ ತನಕ ಇಲ್ಲೇ ಇದ್ದು ನಿಮ್ಮನ್ನ ನೋಡ್ಕೊಂಡೇ ಹೋಗೋದು. ನಾಳೆ ಎಲ್ಲಿಗೆ?"

"ನಾಳೆ... ಫ್ಲಾರೆನ್ಸ್. ನಾಡಿದ್ದು ವೆನಿಸ್."

"ಎಲ್ಲಾ ಕಡೆಯಿಂದ ಫೋಟೋ ಕಳಿಸಿ. ನಾಗಮಣಿ ಕಾಯ್ತಿರ್ತಾಳೆ!"

ಕಿಶೋರ್ ಬೀಗದ ಕೈ ತಡಕಿಕೊಂಡು ಎದ್ದ. "ಹಾಗಾದ್ರೆ ನಾನು ಹೊರಡ್ತೀನಿ ಸರ್, ಪಾಪ ಅವರು ಮಳೇಲಿ ನಿಂತಿರ್ತಾರೆ. ನಿಮ್ಮನ್ನ ದಾರೀಲಿ ಯಾವುದಾದ್ರೂ ಲಾಡ್ಜ್ ಹತ್ರ ಬಿಟ್ಟು ಹೋಗ್ತೀನಿ. ಗ್ರ್ಯಾಂಡ್?"

ನಂದೀಶ ಪ್ರಬಂಧವಿದ್ದ ಲ್ಯಾಪ್‌ಟಾಪನ್ನು ನೆನೆದ. ಅದು ಆಡಮ್ಸ್‌ಟೌನಿನ ತನ್ನ ಕೋಣೆಯ ಮೇಜಿನ ಮೇಲಿತ್ತು. ಇನ್ನು ಭಾನುವಾರದವರೆಗೆ ಆ ಕೋಣೆಯಲ್ಲಿ ಚಾಮರಾಜ ಮಾವ ಗೊರಕೆ ಹೊಡೆಯುತ್ತಾನೆ. ತಾನು ತನ್ನ ಮನೆಯ ಬೀದಿಯಲ್ಲೂ ತಲೆಹಾಕುವಂತಿಲ್ಲ.

ಶಿವರುದ್ರಪ್ಪ ಸ್ವೆಟರ್ ತೊಟ್ಟರು, ಅದರ ಮೇಲೆ ಕೋಟು ತೊಟ್ಟರು, ಮಫ್ಲರ್ ಸುತ್ತಿಕೊಂಡರು. ಸಿಟ್ಟಿನ್ನೂ ಇಳಿದಿರಲಿಲ್ಲ. ಮಗನ ಕಡೆ ತಿರುಗಿ, ಮನೆಪಾಠ ಕೊಡುವ ದನಿಯಲ್ಲಿ ಹೇಳಿದರು:

"ನಿಂತ್ಕೊಂಡು ಏನ್ ನೋಡ್ತಾ ಇದೀಯಾ? ಫೋನ್ ತೆಗಿ. ಬೀದಿ ತುಂಬ ನೀರಿರೋ ಊರು ಯಾವುದಾದ್ರೂ ಐತಾ ಹುಡುಕು, ಈ ದೇಶದಾಗೆ."